ಕೆಲಸ ಬಿಡದೆ ಸೇನೆಯಲ್ಲಿ ಸಿಗ್ನಲ್ಸ್ (ವೈರ್‌ಲೆಸ್ ಸಂಪರ್ಕ) ಕೆಲಸ ಮಾಡಬಹುದಾ?

ಮದ್ದೂರುವಡೆ:
ಮಂಡ್ಯದಲ್ಲಿ ಖಾಸಗಿ ಕೆಲಸ, ಓದಿದ್ದು ಬಿ.ಇ. ಎಲೆಕ್ಟ್ರಾನಿಕ್ಸ್, ವಯಸ್ಸು 29. ಟೆರಿಟೋರಿಯಲ್ ಆರ್ಮಿಗೆ (ಟಿ.ಎ., ಬೇರೆ ಕೆಲಸದ ಜೊತೆಗೇ ಮಾಡೋ ಅರೆಕಾಲಿಕ ಸೇನೆ) ಸೇರಿ ವೈರ್‌ಲೆಸ್ ಕಡೆ ಹೋಗೋ ದಾರಿ ಇದೆಯಾ? ವರ್ಷಕ್ಕೆ ಎಷ್ಟು ರಜೆ ಬೇಕು? ಅಲ್ಲೀತನಕ ಇಲ್ಲೇ ಏನು ಕಲೀಬಹುದು?

ಕುಕ್ಕರಹಳ್ಳಿದಂಡೆ:
ದಾರಿ ಇದೆ, ನೇರವಾಗಿಲ್ಲ. ‘ಸಿಗ್ನಲ್ಸ್ ಬೇಕು’ ಅಂತ ಆರಿಸಿಕೊಂಡು ಒಳಗೆ ಹೋಗೋಕಾಗಲ್ಲ. ಟಿ.ಎ. ಅಧಿಕಾರಿಗಳು ಸಾಮಾನ್ಯವಾಗಿ ಇನ್‌ಫೆಂಟ್ರಿ (ಕಾಲಾಳು) ಬೆಟಾಲಿಯನ್‌ಗೆ ಹೋಗ್ತಾರೆ. ಬೆಟಾಲಿಯನ್‌ನಲ್ಲಿ ಸಿಗ್ನಲ್ ಪ್ಲಟೂನ್ ಇರುತ್ತೆ, ನಿಮ್ಮ ಓದು ಉಪಯೋಗಕ್ಕೆ ಬಂದರೆ ಅಲ್ಲೇ. ಮೊದಲು ರೈಫಲ್ಲು, ಆಮೇಲೆ ರೇಡಿಯೋ ಅಂದುಕೊಂಡೇ ಹೋಗಿ.

ವಯಸ್ಸು 18ರಿಂದ 42, ಡಿಗ್ರಿ ಇರಬೇಕು, ಸ್ವಂತ ದುಡಿಮೆ ಇರಬೇಕು. ಬರಹದ ಪರೀಕ್ಷೆ, ಸಂದರ್ಶನ, ಎಸ್.ಎಸ್.ಬಿ. (ಸೇನೆಯ ಅಧಿಕಾರಿ ಆಯ್ಕೆ ಮಂಡಳಿಯ ಪರೀಕ್ಷೆ), ಮೆಡಿಕಲ್, ಪೊಲೀಸ್ ವೆರಿಫಿಕೇಶನ್ ಇಷ್ಟೂ ದಾಟಬೇಕು. ಆದಾಯದ ದಾಖಲೆ ಈಗಲೇ ಜೋಡಿಸಿಟ್ಟುಕೊಳ್ಳಿ. ಮೊದಲ ವರ್ಷ ಒಂದು ತಿಂಗಳ ಮೂಲ ತರಬೇತಿ, ಪ್ರತಿ ವರ್ಷ ಎರಡು ತಿಂಗಳ ಕ್ಯಾಂಪು. ಅದಲ್ಲದೆ ಮೊದಲ ಎರಡು ವರ್ಷದೊಳಗೆ ಡೆಹ್ರಾಡೂನಿನಲ್ಲಿ ಮೂರು ತಿಂಗಳು. ‘ಭಾನುವಾರದ ಸೇನೆ’ ಅಲ್ಲ ಇದು! ಸರ್ಕಾರ ಕರೆದರೆ ಅದಕ್ಕಿಂತ ಹೆಚ್ಚೇ ಇರಬೇಕಾಗುತ್ತೆ. ಸಂಬಳ ಸೇವೆಯಲ್ಲಿದ್ದ ದಿನಕ್ಕೆ ಮಾತ್ರ. ಕಂಪನಿಯ ಎಚ್.ಆರ್. ಹತ್ತಿರ ಅರ್ಜಿಗೆ ಮುಂಚೆಯೇ ಮಾತಾಡಿ.

ತಾಮ್ರದತಂತಿ:
ಕಲಿಯೋಕೆ ಹ್ಯಾಮ್ ರೇಡಿಯೋನೇ (ಲೈಸೆನ್ಸ್ ಪಡೆದ ಹವ್ಯಾಸಿಗಳ ವೈರ್‌ಲೆಸ್) ಸರಿ. ಲೈಸೆನ್ಸಿನ ಕೆಳಗಿನ ದರ್ಜೆಯಾದ ರಿಸ್ಟ್ರಿಕ್ಟೆಡ್ ಗ್ರೇಡಿಗೆ ಮೋರ್ಸ್ (ಚುಕ್ಕೆ-ಗೆರೆ ಸಂಕೇತ) ಬೇಡ, ಮೇಲಿನ ದರ್ಜೆ ಜನರಲ್‌ಗೆ ನಿಮಿಷಕ್ಕೆ 8 ಪದ. ಲೈಸೆನ್ಸ್ ಕೈಗೆ ಬರೋತನಕ ಕೇಳಬಹುದು ಅಷ್ಟೆ, ಪಿ.ಟಿ.ಟಿ. (ಮಾತಾಡುವಾಗ ಒತ್ತೋ ಗುಂಡಿ) ಒತ್ತಬೇಡಿ.

ಮೊದಲು ಒಂದು ಡೈಪೋಲ್ (ನಡುವಿನಿಂದ ಎರಡೂ ಪಕ್ಕಕ್ಕೆ ಚಾಚಿದ ತಂತಿಯ ಆಂಟೆನಾ) ಕಟ್ಟಿ. 142.5 ಅನ್ನು ಮೆಗಾಹರ್ಟ್ಸ್‌ನಿಂದ ಭಾಗಿಸಿದರೆ ಒಟ್ಟು ಉದ್ದ ಮೀಟರ್‌ನಲ್ಲಿ ಸಿಗುತ್ತೆ. 7.1ಕ್ಕೆ ಸುಮಾರು 20 ಮೀಟರ್, ಅಂದರೆ ಪಕ್ಕಕ್ಕೆ 10. ಎರಡೂ ಕಡೆ 30 ಸೆಂ.ಮೀ. ಹೆಚ್ಚೇ ಬಿಡಿ, ಎಸ್.ಡಬ್ಲ್ಯು.ಆರ್. (ಆಂಟೆನಾ ಸೆಟ್ಟಿಗೆ ಎಷ್ಟು ಹೊಂದಿದೆ ಅನ್ನೋ ಅಳತೆ) ನೋಡ್ತಾ ಸ್ವಲ್ಪ ಸ್ವಲ್ಪವೇ ಕತ್ತರಿಸಿ. ಎರಡು ತೆಂಗಿನ ಮರದ ನಡುವೆ 4–5 ಮೀಟರ್ ಎತ್ತರ ಸಾಕು. ತಂತಿ ಕಡಿಮೆ ಎತ್ತರದಲ್ಲಿದ್ದರೆ ಅಲೆ ನೆಟ್ಟಗೆ ಮೇಲೆ ಹೋಗಿ, ಮೇಲಿನ ವಾತಾವರಣಕ್ಕೆ ತಾಗಿ ಸುತ್ತಮುತ್ತಲ 200–300 ಕಿ.ಮೀ.ಗೆ ಇಳಿಯುತ್ತೆ, ಮಧ್ಯೆ ಬೆಟ್ಟ ಇದ್ದರೂ ಚಿಂತೆಯಿಲ್ಲ. ರಾತ್ರಿ ಹತ್ತಿರದವರು 7 ಮೆಗಾಹರ್ಟ್ಸ್‌ನಲ್ಲಿ ಕೇಳದೇ ಹೋದರೆ ಸೆಟ್ ಕೆಟ್ಟಿದೆ ಅಂತ ಬಿಚ್ಚಬೇಡಿ, 3.6ಕ್ಕೆ ಇಳಿಯಿರಿ. ಅದಕ್ಕೆ ತಂತಿ ಸುಮಾರು 40 ಮೀಟರ್ ಬೇಕು.

ಹೆಚ್ಚಿನವರು ಎಡವೋದು ಬ್ಯಾಟರಿ ವೈರಿನಲ್ಲಿ. 100 ವಾಟ್ ಸೆಟ್ ಮಾತಾಡುವಾಗ ಸುಮಾರು 20 ಆಂಪ್ ಎಳೆಯುತ್ತೆ. ಮನೆ ವೈರಿಂಗಿನ 1 ಸ್ಕ್ವೇರ್ ಎಂ.ಎಂ. ವೈರನ್ನು 2 ಮೀಟರ್ ಎಳೆದರೆ ಹೋಗಿಬರೋ ದಾರಿಯಲ್ಲೇ 1.4 ವೋಲ್ಟ್ ಕಳೆದುಹೋಗುತ್ತೆ. ಕೇಳುವಾಗ ಸೆಟ್ ಸರಿಯಾಗಿರುತ್ತೆ, ಪಿ.ಟಿ.ಟಿ. ಒತ್ತಿದ ಕೂಡಲೇ ಆಫ್. 4 ಸ್ಕ್ವೇರ್ ಹಾಕಿದರೆ ನಷ್ಟ 0.35 ಒಳಗೇ.

ಮದ್ದೂರುವಡೆ:
ಥ್ಯಾಂಕ್ಸ್ ಸಾರ್. ಲೈಸೆನ್ಸ್ ಆದಮೇಲೆ ವಿ.ಎಚ್.ಎಫ್. (ಹೆಚ್ಚು ಆವರ್ತನದ) ಹ್ಯಾಂಡ್‌ಸೆಟ್ಟಲ್ಲಿ ಮಂಡ್ಯದಿಂದ ಮೈಸೂರಿಗೆ ಮಾತಾಡಬಹುದಾ?

ತಾಮ್ರದತಂತಿ:
ನೆಲದ ಮೇಲೆ ನಿಂತು ಆಗಲ್ಲ. ಇಬ್ಬರ ಆಂಟೆನಾನೂ 2 ಮೀಟರ್ ಎತ್ತರದಲ್ಲಿದ್ದರೆ ಬಯಲಲ್ಲೂ 11–12 ಕಿ.ಮೀ.ಗೆ ಭೂಮಿಯ ಬಾಗು ಅಡ್ಡ ಬರುತ್ತೆ, ನಿಮಗೆ ಬೇಕಿರೋದು 45. ಒಬ್ಬರು ಚಾಮುಂಡಿ ಬೆಟ್ಟದ ಮೇಲೆ ಮಂಡ್ಯ ಕಡೆ ಮುಖ ಮಾಡಿ ನಿಂತರೆ ಲೆಕ್ಕವೇ ಬೇರೆ, ಸಿಗೋ ಸಾಧ್ಯತೆ ಚೆನ್ನಾಗಿದೆ.

ಕುಕ್ಕರಹಳ್ಳಿದಂಡೆ:
ಮಾತಿನ ಅಭ್ಯಾಸವನ್ನೂ ಈಗಲೇ ಮಾಡಿಕೊಳ್ಳಿ. ಗುಂಡಿ ಒತ್ತಿ ಒಂದು ಸೆಕೆಂಡ್ ಬಿಟ್ಟು ಶುರು ಮಾಡಿ, ಇಲ್ಲದಿದ್ದರೆ ನಿಮ್ಮ ‘ಐವತ್ತೆರಡು’ ಆ ಕಡೆ ಬರೀ ‘ಎರಡು’. ಗದ್ದಲದಲ್ಲಿ ‘ಇಪ್ಪತ್ತು’, ‘ಎಪ್ಪತ್ತು’ ಎರಡೂ ಒಂದೇ ಥರ ಕೇಳುತ್ತೆ, ಅದಕ್ಕೇ ಅಂಕಿಗಳನ್ನು ಬಿಡಿಬಿಡಿಯಾಗಿ ಹೇಳಬೇಕು: ‘ಏಳು, ಸೊನ್ನೆ’. ಹೆಸರಿದ್ದರೆ ಆಲ್ಫಾ, ಬ್ರಾವೋ, ಚಾರ್ಲಿ ಅಂತ ಅಕ್ಷರ ಬಿಡಿಸಿ. ಬರೆದುಕೊಂಡವರು ತಿರುಗಿ ಓದಿ ಹೇಳೋತನಕ ಸಂದೇಶ ತಲುಪಿಲ್ಲ ಅಂತಲೇ ಲೆಕ್ಕ.