ಋತು ಬದಲಾಗುವುದನ್ನು ಬರೆದಿಡುವುದು ಹೇಗೆ?

ಪ್ರಶ್ನೆ:
ಮನೆಯ ಸುತ್ತ ಒಂದಿಷ್ಟು ಜಮೀನು, ಒಂದು ಬಾವಿ, ಕೆಲವು ಹಳೆಯ ಮರಗಳಿವೆ. ವರ್ಷದುದ್ದಕ್ಕೂ ಆಗುವ ಬದಲಾವಣೆಯನ್ನು ಬರೆದಿಡುವ ಆಸೆ. ಆದರೆ "ಇಂದು ಸೆಕೆ", "ಇಂದು ಮೋಡ" ಎಂದಷ್ಟೇ ಬರೆದರೆ ಮುಂದಿನ ವರ್ಷ ಹೋಲಿಸಲು ಏನೂ ಉಳಿಯುವುದಿಲ್ಲ. ಏನನ್ನು ಗಮನಿಸಲಿ? ದುಬಾರಿ ಉಪಕರಣ ಮಾತ್ರ ಬೇಡ. ಅಂಥವು ಕೊನೆಗೆ ಅಟ್ಟ ಸೇರುವುದನ್ನು ಸಾಕಷ್ಟು ಕಂಡಿದ್ದೇನೆ.

ಉತ್ತರ 1:
ಒಂದೇ ಮರವನ್ನು ಆರಿಸಿಕೊಳ್ಳಿ. ಮೊದಲ ಚಿಗುರು, ಮೊದಲ ಹೂವು, ಎಲೆ ಉದುರತೊಡಗಿದ ದಿನ, ಇವುಗಳ ದಿನಾಂಕ ಸಾಕು. ಒಂದೇ ಜಾತಿಯ ಅಕ್ಕಪಕ್ಕದ ಮರಗಳೂ ಬೇರೆ ಬೇರೆ ದಿನ ಹೂ ಬಿಡಬಹುದು, ಹಾಗಾಗಿ ಲೆಕ್ಕ ಬೆರೆಸಬೇಡಿ.

ಉತ್ತರ 2:
ಅಂಗಳದಲ್ಲಿ ನೆಟ್ಟಗೆ ಒಂದು ಕೋಲು ನೆಡಿ. ನಡುಹಗಲಿನ ನೆರಳಿನ ತುದಿಗೆ ವಾರಕ್ಕೊಮ್ಮೆ ಗುರುತು ಹಾಕಿ. ಭೂಮಿಯ ಅಕ್ಷ ಸುಮಾರು 23.5 ಡಿಗ್ರಿ ವಾಲಿರುವುದರಿಂದಲೇ ಋತುಗಳು. ಆ ವಾಲಿಕೆ ನಿಮ್ಮ ಅಂಗಳದಲ್ಲೇ ಕಾಣುತ್ತದೆ. ಜೂನ್ 21 ಮತ್ತು ಡಿಸೆಂಬರ್ 21ರ ಆಸುಪಾಸಿನಲ್ಲಿ ಗುರುತುಗಳು ಒಂದರ ಪಕ್ಕ ಒಂದು ಒತ್ತೊತ್ತಾಗಿ ಬೀಳುತ್ತವೆ. ಮಾರ್ಚ್, ಸೆಪ್ಟೆಂಬರ್ ತಿಂಗಳುಗಳಲ್ಲಿ ದೂರ ದೂರ.

ಉತ್ತರ 3:
ಮಳೆಗೆ ನೇರ ಗೋಡೆಯ, ಸಪಾಟು ತಳದ ಡಬ್ಬಿ ಸಾಕು. ಮರದಡಿ ಇಡಬೇಡಿ, ಬಯಲಿನಲ್ಲಿಡಿ. 1 ಮಿಲಿಮೀಟರ್ ಮಳೆ ಎಂದರೆ ಚದರ ಮೀಟರಿಗೆ 1 ಲೀಟರ್ ನೀರು. ಜೊತೆಗೆ ಬಾವಿಯ ಮಟ್ಟವನ್ನೂ ಬರೆಯಿರಿ. ಮಳೆಗೂ ಬಾವಿ ಏರುವುದಕ್ಕೂ ನಡುವಿನ ಅಂತರವೇ ನನಗೆ ಎಲ್ಲಕ್ಕಿಂತ ಸ್ವಾರಸ್ಯದ್ದು.

ಪ್ರಶ್ನೆ ಕೇಳಿದವರು:
ಕೋಲು ನಾಳೆಯೇ ನೆಡುತ್ತೇನೆ. ನಡುಹಗಲು ಎಂದರೆ ಗಡಿಯಾರದ 12 ಗಂಟೆಯೇ?

ಉತ್ತರ 2 ಬರೆದವರು:
ಅಲ್ಲ. ಆ ದಿನದ ಅತಿ ಗಿಡ್ಡ ನೆರಳು ಬೀಳುವ ಹೊತ್ತು. ಗಡಿಯಾರವನ್ನು ಒಳಗೇ ಬಿಟ್ಟು ಬನ್ನಿ.