ಪದಚರ್ಚೆ: ಇನ್ನೂ ಬಾರದ ಚಿತ್ರ ‘ಬ್ಲಾಕ್‌ಬಸ್ಟರ್’ ಹೇಗಾದೀತು?

ಬಳಗದ ಎಲ್ಲರಿಗೂ ನಮಸ್ಕಾರ.

ವಾರಪತ್ರಿಕೆಯೊಂದರ ಸಿನಿಮಾ ಪುಟ ನೋಡಿಕೊಳ್ಳುವ ಕೆಲಸ ನನ್ನದು. ದಸರಾ, ದೀಪಾವಳಿ, ಕ್ರಿಸ್‌ಮಸ್‌ಗೆ ಬರುವ ದೊಡ್ಡ ಚಿತ್ರಗಳ ಪಟ್ಟಿ ಮಾಡುವ ಕಾಲ ಬಂತೆಂದರೆ ಬರಹಗಾರರು ಕಳಿಸುವ ತಲೆಬರಹ ಹೆಚ್ಚುಕಡಿಮೆ ಒಂದೇ: ‘ವರ್ಷಾಂತ್ಯಕ್ಕೆ ತೆರೆಗೆ ಅಪ್ಪಳಿಸಲಿರುವ ಬಹುನಿರೀಕ್ಷಿತ ಬ್ಲಾಕ್‌ಬಸ್ಟರ್‌ಗಳು’. ಓದುವವರಿಗೆ ಅರ್ಥವೇನೋ ಆಗುತ್ತದೆ. ಆದರೆ ಇದರಲ್ಲಿನ ಒಂದೊಂದು ಮಾತನ್ನೂ ಬಿಡಿಸಿ ನೋಡಿದರೆ ತಕರಾರು ಏಳುತ್ತದೆ. ಮುಖ್ಯ ಪ್ರಶ್ನೆ ಬ್ಲಾಕ್‌ಬಸ್ಟರ್‌ನದು. ಇನ್ನೂ ಯಾರೂ ನೋಡದ ಚಿತ್ರವನ್ನು ಕನ್ನಡದಲ್ಲಿ ಹಾಗೆ ಕರೆಯಬಹುದೇ? ಬಾರದು ಎಂಬುದು ನನ್ನ ನಿಲುವು. ಇದು ಇಂಗ್ಲಿಷ್ ಪದ ಎಂಬ ಕಾರಣಕ್ಕಲ್ಲ. ಗಾಂಧಿನಗರದಲ್ಲಿ ದಿನಬೆಳಗಾದರೆ ಕೇಳಿಬರುವ ಪದ ಅದು, ಈಗ ಕನ್ನಡದ್ದೇ ಆಗಿಬಿಟ್ಟಿದೆ. ಕನ್ನಡಕ್ಕೆ ಬಂದ ಮೇಲೆ ಅದಕ್ಕೆ ಬೇರೆಯೇ ಅರ್ಥ ಕೂತಿದೆ ಎಂಬುದೇ ನನ್ನ ಕಾರಣ.

ಪದದ ಹುಟ್ಟು ಬಳಗದ ಹಲವರಿಗೆ ಗೊತ್ತಿದ್ದೀತು. ಎರಡನೇ ಮಹಾಯುದ್ಧದಲ್ಲಿ ಬ್ರಿಟನ್ನಿನ ವಾಯುಪಡೆ ಜರ್ಮನಿಯ ನಗರಗಳ ಮೇಲೆ 4,000 ಪೌಂಡ್ ಮತ್ತು ಅದಕ್ಕೂ ಮೀರಿದ ತೂಕದ ಬಾಂಬುಗಳನ್ನು ಹಾಕುತ್ತಿತ್ತು. ಒಂದು ಇಡೀ ಬ್ಲಾಕನ್ನೇ ನೆಲಸಮ ಮಾಡಬಲ್ಲದು ಎಂಬ ಅರ್ಥದಲ್ಲಿ ಅವಕ್ಕೆ ಪತ್ರಿಕೆಗಳವರು ಕೊಟ್ಟ ಹೆಸರು ಬ್ಲಾಕ್‌ಬಸ್ಟರ್. ಜಯನಗರ, ರಾಜಾಜಿನಗರದ ವಿಳಾಸಗಳಲ್ಲಿ ನಾವು ಬರೆಯುವ ಬ್ಲಾಕೇ ಅದು. 1943ರ ಹೊತ್ತಿಗೇ ಅಮೆರಿಕದ ಸಿನಿಮಾ ಜಾಹೀರಾತುಗಳು ಆ ಪದವನ್ನು ಎತ್ತಿಕೊಂಡಿದ್ದವು. ಅಂದರೆ ಇಂಗ್ಲಿಷಿನಲ್ಲಿ ಅದು ಮೊದಲಿನಿಂದಲೂ ಜಾಹೀರಾತಿನ ಮಾತು. ಚಿತ್ರ ಗೆದ್ದ ಮೇಲೆ ಮಾತ್ರ ಹೇಳಬೇಕೆಂಬ ಕಟ್ಟುಪಾಡು ಅದಕ್ಕಿರಲಿಲ್ಲ. 1975ರ ಜೂನ್‌ನಲ್ಲಿ ‘ಜಾಸ್’, 1977ರ ಮೇನಲ್ಲಿ ‘ಸ್ಟಾರ್ ವಾರ್ಸ್’ ಬಂದ ಮೇಲಂತೂ ಅದು ಒಂದು ಜಾತಿಯ ಚಿತ್ರದ ಹೆಸರೇ ಆಯಿತು: ಭಾರಿ ಬಂಡವಾಳ, ಭಾರಿ ಪ್ರಚಾರ, ಬೇಸಿಗೆ ರಜೆಗೆ ಬಿಡುಗಡೆ. ಹೀಗಾಗಿ ಅವರು ಬರುವ ವರ್ಷದ ಬ್ಲಾಕ್‌ಬಸ್ಟರ್ ಎಂದರೆ ತಪ್ಪಾಗದು. ಸೋತ ಬ್ಲಾಕ್‌ಬಸ್ಟರ್ ಎಂದರೂ ನಡೆದೀತು.

ನಮ್ಮಲ್ಲಿ ಆ ಪದ ಬಂದದ್ದು ಬೇರೆ ಬಾಗಿಲಿನಿಂದ, ಹಂಚಿಕೆದಾರರ ಲೆಕ್ಕದ ಕಡೆಯಿಂದ. ಫ್ಲಾಪ್, ಆವರೇಜ್, ಹಿಟ್, ಸೂಪರ್ ಹಿಟ್, ಅದರ ಮೇಲೆ ಬ್ಲಾಕ್‌ಬಸ್ಟರ್ – ಭಾರತದ ಸಿನಿಮಾ ವ್ಯಾಪಾರದಲ್ಲಿ ಇದು ತೀರ್ಪಿನ ಏಣಿ. ಗಲ್ಲಾಪೆಟ್ಟಿಗೆಯ ಹಣ ಎಣಿಸಿಯಾದ ಮೇಲೆ ಚಿತ್ರ ಯಾವ ಮೆಟ್ಟಿಲಲ್ಲಿ ನಿಂತಿತು ಎಂದು ಹೇಳುವ ಮಾತು. 2022ರ ಏಪ್ರಿಲ್ 14ರಂದು ಬಂದ ‘ಕೆಜಿಎಫ್: ಚಾಪ್ಟರ್ 2’ ಬ್ಲಾಕ್‌ಬಸ್ಟರ್ ಎಂದು ಕನ್ನಡಿಗ ಹೇಳಿದರೆ ಅದು ಬಜೆಟ್ಟಿನ ಮಾತಲ್ಲ, ಗೆಲುವಿನ ಮಾತು. ಅದೇ ವರ್ಷದ ಸೆಪ್ಟೆಂಬರ್ 30ಕ್ಕೆ ಬಂದ ‘ಕಾಂತಾರ’ವನ್ನು ನೋಡಿ. ಅದು ಆ ದೊಡ್ಡ ಬಂಡವಾಳದ ಸಾಲಿಗೆ ಸೇರಿದ ಚಿತ್ರವಾಗಿರಲಿಲ್ಲ. ಇಂಗ್ಲಿಷಿನ ಅರ್ಥ ಹಿಡಿದರೆ ಬಿಡುಗಡೆಯ ಹಿಂದಿನ ದಿನ ಯಾರೂ ಅದನ್ನು ಬ್ಲಾಕ್‌ಬಸ್ಟರ್ ಎನ್ನುತ್ತಿರಲಿಲ್ಲ. ನಮ್ಮ ಅರ್ಥದಲ್ಲಿ ಕೆಲವೇ ವಾರಗಳಲ್ಲಿ ಎಲ್ಲರ ಬಾಯಲ್ಲೂ ಅದೇ ಮಾತು. ಎರಡು ಅರ್ಥಗಳ ನಡುವಿನ ದೂರವನ್ನು ಇಷ್ಟು ಸ್ಪಷ್ಟವಾಗಿ ತೋರಿಸುವ ಇನ್ನೊಂದು ಉದಾಹರಣೆ ನನಗೆ ಹೊಳೆಯುವುದಿಲ್ಲ. ಕನ್ನಡದ ಓದುಗನಿಗೆ ‘ಬರಲಿರುವ ಬ್ಲಾಕ್‌ಬಸ್ಟರ್’ ಎಂದರೆ ಮುಂದಿನ ತಿಂಗಳ ಪರೀಕ್ಷೆಯಲ್ಲಿ ಮೊದಲ ದರ್ಜೆ ಪಡೆದವರ ಪಟ್ಟಿಯನ್ನು ಇವತ್ತೇ ಅಂಟಿಸಿದ ಹಾಗೆ.

ಮುಂಚಿನವರ ಮಾತು ಇನ್ನೂ ಖಚಿತವಾಗಿತ್ತು. ಅವರು ಅಳೆಯುತ್ತಿದ್ದದ್ದು ಕಾಲವನ್ನು. ಚಿತ್ರ ‘ಓಡಿತು’ ಎಂದರೆ ಎಷ್ಟು ಓಡಿತು ಎಂಬ ಪ್ರಶ್ನೆ ತಾನಾಗಿ ಬರುತ್ತಿತ್ತು: ಐವತ್ತು ದಿನ, ನೂರು ದಿನ, ಇಪ್ಪತ್ತೈದು ವಾರ. ಶತದಿನೋತ್ಸವ, ಬೆಳ್ಳಿಹಬ್ಬ ಎಲ್ಲವೂ ದಿನವಾರಗಳ ಲೆಕ್ಕ. 1972ರ ‘ಬಂಗಾರದ ಮನುಷ್ಯ’ ಬೆಂಗಳೂರಿನ ಕೆಂಪೇಗೌಡ ರಸ್ತೆಯ ಸ್ಟೇಟ್ಸ್ ಚಿತ್ರಮಂದಿರದಲ್ಲಿ, ಅಂದರೆ ಮುಂದೆ ಭೂಮಿಕಾ ಆದ ಟಾಕೀಸಿನಲ್ಲಿ, ಎರಡು ವರ್ಷದಷ್ಟು ಕಾಲ ಓಡಿದ್ದನ್ನು ಇಂದಿಗೂ ಹೇಳುತ್ತಾರೆ. ಯಾರೂ ಅದು ಎಷ್ಟು ಕೋಟಿ ಗಳಿಸಿತು ಎನ್ನುವುದಿಲ್ಲ. ಸೋಲಿಗೂ ಗಟ್ಟಿ ಮಾತುಗಳಿದ್ದವು, ಇವೆ: ತೋಪಾಯಿತು, ಮಕಾಡೆ ಮಲಗಿತು, ಡಬ್ಬ ಸೇರಿತು. ರೀಲುಗಳ ತಗಡಿನ ಡಬ್ಬಗಳು ಹೋಗಿ ಚಿತ್ರ ಹಾರ್ಡ್‌ಡಿಸ್ಕಿನಲ್ಲೋ ಉಪಗ್ರಹದ ಮೂಲಕವೋ ಬರುವ ಕಾಲದಲ್ಲೂ ಸೋತ ಚಿತ್ರ ಸೇರುವುದು ಡಬ್ಬವನ್ನೇ.

ಈ ಅಳತೆ ಬದಲಾದದ್ದರಿಂದಲೇ ತೀರ್ಪಿನ ಪದ ಬಿಡುಗಡೆಗೂ ಮುಂಚೆ ಜಿಗಿದಿದೆ ಅನ್ನಿಸುತ್ತದೆ. ಹಿಂದೆ ಕೆಲವೇ ಪ್ರಿಂಟ್‌ಗಳು. ಮೊದಲು ಬೆಂಗಳೂರು, ಮೈಸೂರು, ಹುಬ್ಬಳ್ಳಿಯಂಥ ಕೇಂದ್ರಗಳಲ್ಲಿ ಚಿತ್ರ ಬಿಡುತ್ತಿದ್ದರು. ತಾಲ್ಲೂಕು ಪಟ್ಟಣಗಳಿಗೆ ತಿಂಗಳುಗಳ ಮೇಲೆ, ಟೆಂಟುಗಳಿಗೆ ಅದಕ್ಕೂ ಆಮೇಲೆ. ಹಳ್ಳಿಯವರು ಚಿತ್ರ ಚೆನ್ನಾಗಿದೆ ಎಂಬ ಸುದ್ದಿ ಕೇಳಿ, ಆಮೇಲೆ ಕಾಯುತ್ತಿದ್ದರು. ಈಗ ದೇಶವಿದೇಶದ ಸಾವಿರಾರು ತೆರೆಗಳಲ್ಲಿ ಒಂದೇ ದಿನ ಬಿಡುಗಡೆ. ಮೊದಲ ಮೂರು ನಾಲ್ಕು ದಿನದ ಗಳಿಕೆಯಲ್ಲೇ ಹಣೆಬರಹ ತೀರ್ಮಾನ. ಆ ನಾಲ್ಕು ದಿನ ತುಂಬಬೇಕಾದರೆ ನಿರೀಕ್ಷೆಯನ್ನು ತಿಂಗಳುಗಟ್ಟಲೆ ಮೊದಲೇ ಬೆಳೆಸಬೇಕು. ನಿತೇಶ್ ತಿವಾರಿ ನಿರ್ದೇಶನದ, ನಮ್ಮ ಯಶ್ ರಾವಣನ ಪಾತ್ರ ಮಾಡಿ ಸಹನಿರ್ಮಾಪಕರೂ ಆಗಿರುವ ‘ರಾಮಾಯಣ’ದ ಮೊದಲ ಭಾಗ 2026ರ ದೀಪಾವಳಿಗೆ, ಎರಡನೆಯದು 2027ರ ದೀಪಾವಳಿಗೆ ಎಂದು ಘೋಷಿಸಿದ್ದು 2024ರ ನವೆಂಬರ್‌ನಲ್ಲಿ. ಹಾಲಿವುಡ್‌ನವರು ‘ಅವೆಂಜರ್ಸ್: ಡೂಮ್ಸ್‌ಡೇ’, ‘ಡ್ಯೂನ್’ನ ಮೂರನೇ ಭಾಗ ಎರಡಕ್ಕೂ 2026ರ ಡಿಸೆಂಬರ್ 18ನ್ನೇ ಗೊತ್ತುಮಾಡಿ ಬಹಳ ಮುಂಚೆಯೇ ಹೇಳಿಟ್ಟರು. ಇಷ್ಟು ದೀರ್ಘವಾಗಿ ಕಾಯಿಸುವುದೇ ಒಂದು ಉದ್ಯಮವಾದಾಗ, ಕಾಯುತ್ತಿರುವ ಚಿತ್ರಕ್ಕೆ ಒಂದು ಹೆಸರು ಬೇಕೇ ಬೇಕು. ಗೆದ್ದ ಚಿತ್ರದ ಹೆಸರನ್ನು ಸಾಲ ತಂದದ್ದು ಹೀಗೆ.

ಇನ್ನು ‘ಬಹುನಿರೀಕ್ಷಿತ’. ಇದು ನನಗೆ ಬಹಳ ಇಷ್ಟವಾದ ಪದ, ಅದರ ಬಳಕೆಯಷ್ಟೇ ಸವೆದಿದೆ. ಸಂಸ್ಕೃತದಲ್ಲಿ ನಿರೀಕ್ಷಣ ಎಂದರೆ ಮುಖ್ಯವಾಗಿ ಗಮನವಿಟ್ಟು ನೋಡುವುದು, ಕಾಯುವುದಕ್ಕೆ ಪ್ರತೀಕ್ಷೆ. ಹಿಂದಿಯವರು ಆ ಭೇದ ಉಳಿಸಿಕೊಂಡು ‘ಬಹುಪ್ರತೀಕ್ಷಿತ್’ ಎನ್ನುತ್ತಾರೆ. ಕನ್ನಡದಲ್ಲಿ ನಿರೀಕ್ಷೆಯೇ ಕಾಯುವ ಅರ್ಥವನ್ನು ತೆಗೆದುಕೊಂಡಿತು. ಹಳೆಯ ಅರ್ಥ ಪೊಲೀಸ್ ನಿರೀಕ್ಷಕ, ಆರೋಗ್ಯ ನಿರೀಕ್ಷಕರ ಹುದ್ದೆಯ ಹೆಸರಿನಲ್ಲಿ ಉಳಿದಿದೆ. ಹೊಸದು ನ್ಯಾಯಾಲಯದ ‘ನಿರೀಕ್ಷಣಾ ಜಾಮೀನಿ’ನಲ್ಲಿದೆ. ಪೊಲೀಸ್ ಠಾಣೆಯ ಒಂದೇ ಸುದ್ದಿಯಲ್ಲಿ ಎರಡೂ ಅರ್ಥ ಅಕ್ಕಪಕ್ಕ ಬರುವುದುಂಟು. ಇದನ್ನು ಯಾರೂ ತಪ್ಪೆನ್ನಬೇಕಾಗಿಲ್ಲ. ಕನ್ನಡದ ಸ್ವಂತ ಮಾತುಗಳಲ್ಲೂ ಕಾಯುವುದು ಕಣ್ಣಿನ ಕೆಲಸವೇ: ಎದುರುನೋಡು, ದಾರಿ ನೋಡು, ಕಣ್ಣಲ್ಲಿ ಕಣ್ಣಿಟ್ಟು ಕಾಯಿ. ಸಂಸ್ಕೃತದ ‘ನೋಡು’ ಕನ್ನಡಕ್ಕೆ ಬಂದು ‘ಎದುರುನೋಡು’ ಆಗಿದ್ದರ ಹಿಂದೆ ಈ ಒಳದಾರಿ ಇರಬಹುದೇ ಎಂಬುದು ನನ್ನ ಊಹೆ. ಬಲ್ಲವರು ಒಪ್ಪಬಹುದು, ತಿದ್ದಬಹುದು.

ಆದರೆ ಕರ್ಮಣಿ ರೂಪದ ‘ನಿರೀಕ್ಷಿತ’ದಲ್ಲಿ ಕಾಯುವವರು ಯಾರು ಎಂಬುದು ಮಾಯವಾಗುತ್ತದೆ. ಮುಹೂರ್ತವಷ್ಟೇ ಆದ ಚಿತ್ರವೂ ಬಹುನಿರೀಕ್ಷಿತ, ಹೆಸರಿಡದ ಚಿತ್ರವೂ ಬಹುನಿರೀಕ್ಷಿತ. ನಮ್ಮ ಪುಟದಲ್ಲಿ ಆ ಪದ ಬಂದಾಗಲೆಲ್ಲ ‘ಯಾರು ಕಾಯುತ್ತಿದ್ದಾರೆ?’ ಎಂದು ಬರಹಗಾರರನ್ನು ಕೇಳುತ್ತೇನೆ. ಅಭಿಮಾನಿಗಳೋ, ಬಾಗಿಲು ಮುಚ್ಚುವ ಹಂತಕ್ಕೆ ಬಂದ ಒಂಟಿ ತೆರೆಯ ಟಾಕೀಸಿನವರೋ, ಹಣ ಹಾಕಿದ ಹಂಚಿಕೆದಾರರೋ? ಉತ್ತರ ಸಿಕ್ಕರೆ ವಾಕ್ಯ ತಾನಾಗಿ ಬದಲಾಗುತ್ತದೆ: ‘ಮಂಡ್ಯದ ಟಾಕೀಸಿನವರು ದಸರಾ ಚಿತ್ರದ ದಾರಿ ನೋಡುತ್ತಿದ್ದಾರೆ.’ ಇದರಲ್ಲಿ ಸುದ್ದಿ ಇದೆ.

‘ತೆರೆ’ಯ ವಿಷಯ ಸ್ವಲ್ಪ ವಿವರವಾಗಿ ಬರೆಯುತ್ತೇನೆ. ಹೊಸಗನ್ನಡದಲ್ಲಿ ಒಂದೇ ಆಗಿ ಕಾಣುವ ಈ ಪದ ಹಳಗನ್ನಡದಲ್ಲಿ ಒಂದಲ್ಲ. ಬಾಗಿಲು ತೆರೆ ಎಂಬಲ್ಲಿನದು ಶಕಟರೇಫದ, ಅಂದರೆ ಈಗ ಬಳಕೆ ತಪ್ಪಿರುವ ಹಳೆಯ ರಕಾರ ‘ಱ’ ಇರುವ ‘ತೆಱೆ’. ಅಲೆ, ಪರದೆ ಎಂಬ ಅರ್ಥದ್ದು ಸಾಮಾನ್ಯ ರೇಫದ ‘ತೆರೆ’. ತಮಿಳಿನಲ್ಲೂ ‘ತಿರೈ’ ಎಂದರೆ ಅಲೆಯೂ ಹೌದು, ಪರದೆಯೂ ಹೌದು. ತೆರೆಯುವುದಕ್ಕೆ ಅಲ್ಲೂ ಬೇರೆ ರಕಾರ. ತೆಲುಗಿನವರ ‘ವೆಂಡಿತೆರ’ ನಮ್ಮ ಬೆಳ್ಳಿತೆರೆಯೇ. ಹಾಗಾಗಿ ಚಿತ್ರ ‘ತೆರೆಗೆ ಬಂತು’, ‘ತೆರೆ ಕಂಡಿತು’ ಎಂಬ ಮಾತುಗಳು ಗಟ್ಟಿಯಾಗಿವೆ. ‘ಯಶಸ್ಸು ಕಂಡಿತು’, ‘ಅಂತ್ಯ ಕಂಡಿತು’ ಎನ್ನುವ ಭಾಷೆಗೆ ‘ತೆರೆ ಕಂಡಿತು’ ಸಹಜ.

‘ತೆರೆಗೆ ಅಪ್ಪಳಿಸು’ ಮಾತ್ರ ನನಗೆ ಒಗ್ಗದು. ಅಪ್ಪಳಿಸುವುದು ಕಡಲಿನ ತೆರೆ, ದಡಕ್ಕೆ. ಅಲೆಯ ಅರ್ಥದ ತೆರೆಯ ಜೊತೆ ಬರುತ್ತಿದ್ದ ಕ್ರಿಯಾಪದ ಪರದೆಯ ಅರ್ಥದ ತೆರೆಗೆ ಅಂಟಿಕೊಂಡಿತೇ, ಅಥವಾ ಇಂಗ್ಲಿಷಿನಲ್ಲಿ ಚಿತ್ರ ಪರದೆಗೆ ‘ಹೊಡೆಯುತ್ತದೆ’ ಎನ್ನುವುದರ ಅನುವಾದವೇ? ಎರಡೂ ಸೇರಿರಬಹುದು. ಪತ್ರಿಕೆಗಳಲ್ಲಿ ಇದು ಯಾವಾಗ ಶುರುವಾಯಿತು ಎಂದು ಹಳೆಯ ಸಂಚಿಕೆಗಳನ್ನು ನೋಡಿದವರು ಯಾರಾದರೂ ಹೇಳಿದರೆ ಉಪಕಾರವಾಗುತ್ತದೆ.

ತೆರೆಯ ಬಗೆಗೆ ಇನ್ನೊಂದು ಮಾತು. ಕಂಪನಿ ನಾಟಕದಲ್ಲಿ ತೆರೆ ಬಿತ್ತು ಎಂದರೆ ಮುಗಿಯಿತು. ಸಿನಿಮಾದಲ್ಲಿ ತೆರೆಯ ಮೇಲೇ ಎಲ್ಲವೂ. ಮುಚ್ಚುವ ವಸ್ತು ತೋರಿಸುವ ವಸ್ತುವಾಯಿತು. ಈ ಎರಡರ ನಡುವೆ ಯಕ್ಷಗಾನದ ತೆರೆಯಿದೆ. ಇಬ್ಬರು ಎರಡು ತುದಿ ಹಿಡಿದು ನಿಂತಿರುತ್ತಾರೆ. ಬಟ್ಟೆಯ ಮೇಲೆ ಕಿರೀಟದ ತುದಿ ಅಷ್ಟೇ ಕಾಣುತ್ತದೆ, ಕೆಳಗೆ ಗೆಜ್ಜೆ ಕಟ್ಟಿದ ಕಾಲು. ಚೆಂಡೆಯ ಪೆಟ್ಟು ಏರುತ್ತದೆ, ತೆರೆ ಸ್ವಲ್ಪ ಇಳಿದು ಮತ್ತೆ ಏರುತ್ತದೆ. ಒಡ್ಡೋಲಗದ, ಅಂದರೆ ರಂಗಕ್ಕೆ ಮೊದಲ ಸಲ ಬರುವ ವೇಷ ಮುಖ ತೋರಿಸುವ ಹೊತ್ತಿಗೆ ನೋಡುವವರು ತುದಿಗಾಲಿನಲ್ಲಿ ನಿಂತಿರುತ್ತಾರೆ. ಈಗಿನ ಟೀಸರ್ ಮಾಡುವ ಕೆಲಸ ಇದೇ: ನಾಯಕನ ಬೆನ್ನು, ಕೈ, ಬೂಟು ತೋರಿಸಿ ಮುಖ ಮುಚ್ಚಿಡುವುದು. ಟೀಸರ್‌ಗೆ ಕನ್ನಡ ಪದ ಬೇಕೆನ್ನುವವರು ‘ಕಿರುನೋಟ’, ‘ಝಲಕ್’ ಎಂದೆಲ್ಲ ಬರೆಯುತ್ತಾರೆ. ಕರಾವಳಿಯ ಮೇಳಗಳಲ್ಲಿ ಈ ಅರೆಮರೆಯ ತೋರಿಕೆಗೇ ಬೇರೆ ಹೆಸರಿದ್ದರೆ ದಯವಿಟ್ಟು ತಿಳಿಸಿ.

‘ಬಿಡುಗಡೆ’ಯ ಬಗ್ಗೆ ನನ್ನ ಆಕ್ಷೇಪವಿಲ್ಲ. ಕೈದಿ, ಅನುದಾನ, ಜಲಾಶಯದ ನೀರು, ಪುಸ್ತಕ, ಚಿತ್ರ ಎಲ್ಲಕ್ಕೂ ಅದೊಂದೇ ಪದ ಸಾಲುತ್ತಿದೆ.

ಹಾಗಾದರೆ ಕಾಯುತ್ತಿರುವ ಭಾರಿ ಚಿತ್ರಕ್ಕೆ ಏನನ್ನೋಣ? ‘ಮಹಾಚಿತ್ರ’ ಎಂದರೆ ಹೊಗಳಿಕೆಯಾಗುತ್ತದೆ. ‘ಅದ್ಧೂರಿ ಚಿತ್ರ’ ಎಂದರೆ ಸೆಟ್ಟು, ಉಡುಪು, ಖರ್ಚಿನ ಮಾತಾಯಿತು, ಕಾಯುವಿಕೆ ಅದರಲ್ಲಿಲ್ಲ. ‘ಪ್ಯಾನ್ ಇಂಡಿಯಾ’ ಎಷ್ಟು ಭಾಷೆಯಲ್ಲಿ ಬರುತ್ತದೆ ಎಂಬುದನ್ನಷ್ಟೇ ಹೇಳುತ್ತದೆ. ಉತ್ತರ ಗಾಂಧಿನಗರದಲ್ಲೇ ಇದೆ ಎಂಬುದು ನನ್ನ ಅಭಿಪ್ರಾಯ. ಅಲ್ಲಿನವರು ದಿನನಿತ್ಯ ಹೇಳುವುದು ‘ದೊಡ್ಡ ಸಿನಿಮಾ’, ‘ಸಣ್ಣ ಸಿನಿಮಾ’ ಎಂದೇ. ‘ಆ ವಾರ ದೊಡ್ಡ ಸಿನಿಮಾ ಬರ್ತಿದೆ, ನಮಗೆ ಥಿಯೇಟರ್ ಸಿಗಲ್ಲ, ಒಂದು ವಾರ ಮುಂದಕ್ಕೆ ಹೋಗೋಣ’ ಎಂದು ಸಣ್ಣ ನಿರ್ಮಾಪಕರು ಮಾತಾಡಿಕೊಳ್ಳುವಾಗ ಆ ‘ದೊಡ್ಡ’ದಲ್ಲಿ ಬಂಡವಾಳ, ತಾರೆ, ಪ್ರಚಾರ, ಭಯ ಎಲ್ಲವೂ ಅಡಕವಾಗಿದೆ. ಗೆಲ್ಲುತ್ತದೆ ಎಂಬ ತೀರ್ಪು ಮಾತ್ರ ಇಲ್ಲ. 2025ರ ಅಕ್ಟೋಬರ್ 2ರಂದು, ಗಾಂಧಿ ಜಯಂತಿ ವಿಜಯದಶಮಿ ಎರಡೂ ಕೂಡಿಬಂದ ದಿನ, ‘ಕಾಂತಾರ: ಚಾಪ್ಟರ್ 1’ ಬಂದಾಗ ಅದು ದೊಡ್ಡ ಸಿನಿಮಾ ಆಗಿಯೇ ಬಂತು, ಅದರ ಹಿಂದಿನದು ಬಂದದ್ದು ಹಾಗಲ್ಲ. ಈ ವ್ಯತ್ಯಾಸವನ್ನು ‘ದೊಡ್ಡ ಸಿನಿಮಾ’ ಹಿಡಿಯುತ್ತದೆ, ‘ಬ್ಲಾಕ್‌ಬಸ್ಟರ್’ ಹಿಡಿಯದು.

ಆದ್ದರಿಂದ ಈ ಸಲದ ತಲೆಬರಹಕ್ಕೆ ‘ದಸರೆಯಿಂದ ಕ್ರಿಸ್‌ಮಸ್‌ವರೆಗೆ ತೆರೆಗೆ ಬರುವ ದೊಡ್ಡ ಚಿತ್ರಗಳು’ ಎಂದು ಬರೆದಿಟ್ಟಿದ್ದೇನೆ. ಸಪ್ಪೆಯಾಯಿತು ಎನ್ನುವವರು ಕಚೇರಿಯಲ್ಲಿದ್ದಾರೆ. ಅವರಿಗೂ ಒಪ್ಪಿಗೆಯಾಗುವ ಮಾತು ಬಳಗದಿಂದ ಬಂದರೆ ಸಂತೋಷದಿಂದ ಹಾಕುತ್ತೇನೆ.

ಜೊತೆಗೆ ಆಡುಮಾತಿನ ಮಾಹಿತಿಯೂ ಬೇಕಿದೆ. ಈಗ ನಡೆಯುತ್ತಿರುವ ಚಿತ್ರವನ್ನು ವಿಚಾರಿಸುವಾಗ ಮಂಗಳೂರಿನ ಕಡೆ ‘ಯಾವ ಸಿನೆಮಾ ಉಂಟು?’, ಹುಬ್ಬಳ್ಳಿ–ಧಾರವಾಡದ ಕಡೆ ‘ಯಾವ ಪಿಚ್ಚರ್ ಹಚ್ಯಾರ?’, ಮೈಸೂರು–ಮಂಡ್ಯದ ಕಡೆ ‘ಯಾವ್ ಪಿಚ್ಚರ್ ಹಾಕವ್ರೆ?’ ಎನ್ನುವುದನ್ನು ಕೇಳಿದ್ದೇನೆ. ಇನ್ನೂ ಬಾರದ, ಬರಲೆಂದು ಕಾಯುತ್ತಿರುವ ಚಿತ್ರದ ಬಗ್ಗೆ ನಿಮ್ಮ ಊರಿನಲ್ಲಿ ಹೇಗೆ ಕೇಳುತ್ತಾರೆ? ಬೀದರ್–ಕಲಬುರಗಿ, ಕೊಡಗು, ಕೋಲಾರದವರು ಮನೆಯಲ್ಲಿ ಆಡುವ ರೂಪದಲ್ಲೇ ಬರೆದು ಕಳಿಸಿ.