ಸಹಾಯ ಬೇಕು: ಹೊಸ ಬಡಾವಣೆ ಜೊತೆ ಬರುವ ಪಾರ್ಕ್ ಬಗ್ಗೆ

ಎಲ್ಲರಿಗೂ ನಮಸ್ಕಾರ. ನಮ್ಮ ಪಕ್ಕದ ಖಾಲಿ ಜಾಗದಲ್ಲಿ ಹೊಸ ಬಡಾವಣೆ ಬರುತ್ತಿದೆ, ಜೊತೆಗೊಂದು ಪಾರ್ಕ್. ನಕ್ಷೆ ಇನ್ನೂ ಅಂತಿಮ ಆಗಿಲ್ಲ, ಸಲಹೆ ಕೇಳಿದ್ದಾರೆ. ನೋಡಿದರೆ ಪಾರ್ಕ್ ಇರೋದು ತೀರಾ ಮೂಲೆಯಲ್ಲಿ, ಮೂರು ಕಡೆ ಮನೆಗಳ ಹಿಂದಿನ ಕಾಂಪೌಂಡ್ ಗೋಡೆ, ಒಂದೇ ಗೇಟು, ಅದರಲ್ಲೂ ಅರ್ಧ ಜಾಗ ಮಳೆನೀರು ನಿಲ್ಲುವ ತಗ್ಗು. ಸೈಟಿಗೆ ಆಗದೆ ಉಳಿದದ್ದಕ್ಕೆ ಹಸಿರು ಬಣ್ಣ ಬಳಿದಿದ್ದಾರೆ, ಅಷ್ಟೇ. ಮನೆಗಳ ಮುಂಬಾಗಿಲು ಪಾರ್ಕ್ ಕಡೆಗಿದ್ದರೆ ಸಂಜೆ ಹೊತ್ತೂ ಜನ ಧೈರ್ಯವಾಗಿ ಬರುತ್ತಾರೆ ಅಲ್ವಾ? ಜಾಸ್ತಿ ಮನೆಗಳಿಗೆ 400 ಮೀಟರ್ ಒಳಗೆ, ಅಂದರೆ ಐದು ನಿಮಿಷದ ನಡಿಗೆಯಲ್ಲಿ ಸಿಗಲಿ ಅಂತ ಕೇಳೋಣ ಅಂದುಕೊಂಡಿದ್ದೇನೆ.

ಇನ್ನೊಂದು ತಲೆನೋವು ಹಳೇ ಮರಗಳದ್ದು. ಉಳಿಸುತ್ತೇವೆ ಅಂತಾರೆ. ಆದರೆ ಬುಡದ ಸುತ್ತ ಜೆಸಿಬಿ, ಲಾರಿ ಓಡಾಡಿ ಮಣ್ಣು ಗಟ್ಟಿಯಾದರೆ ಬೇರಿಗೆ ಗಾಳಿ, ನೀರು ಸಿಗದೆ ಮರ ನಿಧಾನಕ್ಕೆ ಒಣಗುತ್ತದೆ. ಕೆಲಸ ಶುರುವಾಗುವ ಮೊದಲೇ, ಕಡೇಪಕ್ಷ ಕೊಂಬೆ ಹರಡಿದಷ್ಟು ಅಗಲಕ್ಕೆ ಬೇಲಿ ಹಾಕಿಸಬೇಕು.

ಇಂಥದ್ದರಲ್ಲಿ ಓಡಾಡಿದವರು ಹೇಳಿ: ಮನೆಗಳ ಮೊದಲ ಹಂತದ ಜೊತೆಗೇ ಪಾರ್ಕ್ ಮುಗಿಸುವಂತೆ ಬರವಣಿಗೆಯಲ್ಲಿ ಒಪ್ಪಿಸೋದು ಹೇಗೆ? ಆಮೇಲೆ ನೀರು, ದೀಪ, ಕಸದ ಖರ್ಚು ಯಾರು ಹೊರಬೇಕು ಅಂತ ಈಗಲೇ ಬರೆಸಿಕೊಳ್ಳಬಹುದಾ? ಯಾರ ಹತ್ತಿರವಾದರೂ ಆಕ್ಷೇಪಣೆ ಪತ್ರದ ಮಾದರಿ ಇದ್ದರೆ ದಯವಿಟ್ಟು ಹಾಕಿ.